ಅತಿಥಿಯ ಜಾಗದಲ್ಲಿ ಬ್ಯಾಟರಿ

ಬುರುಲ್‌ಳಿಗೂ ಅವಳ ತವರಿಗೂ ನಡುವೆ ಇದ್ದದ್ದು ಒಂದು ಘಾಟಿ, ನಲವತ್ತು ಕಿಲೋಮೀಟರು ಮತ್ತು ಒಂದು ಬ್ಯಾಟರಿ. ಘಾಟಿ ಎಲ್ಲಿಗೂ ಹೋಗಿರಲಿಲ್ಲ, ನಲವತ್ತು ಕಿಲೋಮೀಟರೂ ಕರಗಿರಲಿಲ್ಲ. ಸತ್ತದ್ದು ಬ್ಯಾಟರಿ ಮಾತ್ರ. ಅದು ಸತ್ತು ಮೂರು ವರ್ಷವಾಗಿತ್ತು.

ಈ ಮೂರು ವರ್ಷವೂ ಅವಳ ತಾಯಿ ಚಳಿಗಾಲಕ್ಕೆಂದು ಕುದುರೆ ಕೊಯ್ದಾಗ ಮಗಳ ಪಾಲೆಂದು ಒಂದು ಚುಚುಕ್ ಎತ್ತಿಡುತ್ತಿದ್ದಳು. ಕರುಳಿಗೆ ಮಾಂಸ, ಕೊಬ್ಬು ತುಂಬಿ ಒಣಗಿಸಿದ ಆ ಮೂರೂ ಈಗ ಉಗ್ರಾಣದ ತೊಲೆಗೆ ಸಾಲಾಗಿ ತೂಗುತ್ತಿದ್ದವು. "ಮೊದಲನೇದನ್ನ ತುಂಡು ಮಾಡೋಕೆ ಕೊಡಲಿ ಬೇಕು ಮಗಳೇ. ಮೂರನೇದು ಕಲ್ಲಾಗೋದ್ರೊಳಗೆ ಬಾ," ಎಂದು ಫೋನಿನಲ್ಲಿ ಹೇಳಿದ್ದಳು.

ಗಂಡ ಮೈರಂಬೆಕ್‌ನ ಉತ್ತರ ಯಾವಾಗಲೂ ಒಂದೇ. "ಹೊಸ ಬ್ಯಾಟರಿ ಬರ್ಲಿ, ಕರ್ಕೊಂಡ್ ಹೋಗ್ತೀನಿ."

ಅವರದು ಪಕ್ಕದಲ್ಲಿ ಒಬ್ಬರು ಕೂರುವಷ್ಟು ತೊಟ್ಟಿ ಜೋಡಿಸಿದ ಹಳೆಯ ಮೂರು ಚಕ್ರದ ಮೋಟಾರ್ ಸೈಕಲ್ಲು. ಹಿಂದಿನ ಸೀಟನ್ನು ಮೈರಂಬೆಕ್ ಎಂದೋ ಕೊಯ್ದು ತೆಗೆದಿದ್ದ. ಬುರುಲ್ ಅದರ ಮೇಲೆ ಕೂತು ಹಸು ಕರೆಯುತ್ತಿದ್ದಳು. ಮದುವೆಗೆ ಮುಂಚೆ ಅವಳು ಅಪ್ಪನ ಬೈಕು ಹತ್ತಿ ಕುರಿ ಹಿಂಡು ತಿರುಗಿಸಿಕೊಂಡು ಬರುತ್ತಿದ್ದವಳು. ಮನೆಗೆ ಬಂದ ಸೊಸೆ ಬೈಕು ಓಡಿಸುವುದು ಚೆಂದವಲ್ಲ ಎಂದು ಇಲ್ಲಿ ಯಾರೋ ಹೇಳಿದರು. ಯಾರೆಂದು ಈಗ ಯಾರಿಗೂ ನೆನಪಿಲ್ಲ. ಅಂತೂ ಹತ್ತು ವರ್ಷ ಅವಳು ಹ್ಯಾಂಡಲ್ ಮುಟ್ಟಿರಲಿಲ್ಲ.

ಆ ಶರತ್ಕಾಲದಲ್ಲಿ ಮೈರಂಬೆಕ್ ಕೊನೆಗೂ ಸಂತೆಗೆ ಹೊರಟ. ಬುರುಲ್ ಬೈಕಿನ ಬ್ಯಾಟರಿ ಗೂಡನ್ನು ಉಣ್ಣೆಯ ದಾರದಲ್ಲಿ ಅಳೆದಳು. ಉದ್ದಕ್ಕೊಂದು ಗಂಟು, ಅಗಲಕ್ಕೊಂದು, ಎತ್ತರಕ್ಕೊಂದು. ಪ್ಲಸ್ ಬಲಗಡೆ ಬರಬೇಕೆಂದು ಆ ತುದಿಗೆ ಕೆಂಪು ಎಳೆ ಸುತ್ತಿದಳು. ದಾರವನ್ನು ಗಂಡನ ಜೇಬಿಗೆ ಹಾಕಿ, "ಹನ್ನೆರಡು ವೋಲ್ಟು, ಈ ಅಳತೆ. ಅಷ್ಟೇ," ಎಂದಳು.

ಸಂಜೆ ಅವನು ಏದುಸಿರು ಬಿಡುತ್ತ ಒಳಗೆ ಬಂದ. ಎದೆಗವಚಿಕೊಂಡಿದ್ದದ್ದು ಲಾರಿಯ ಬ್ಯಾಟರಿ.

ತಲೆತಲಾಂತರದಿಂದ ಕುರಿ ಆರಿಸಿದ ವಂಶ ಅವನದು. ಆ ಊರಿನ ಗಂಡಸರಿಗೆ ಕೊಳ್ಳುವುದೆಂದರೆ ಒಂದೇ ವಿಧಾನ: ಎತ್ತಿ ತೂಕ ನೋಡು, ಪಕ್ಕೆ ತಟ್ಟು, ಬಾಲದಡಿಯ ಕೊಬ್ಬು ಹಿಸುಕು. ಮೈರಂಬೆಕ್ ಸಾಲಿನಲ್ಲಿದ್ದ ಹದಿನಾಲ್ಕು ಬ್ಯಾಟರಿಗಳನ್ನೂ ಎತ್ತಿ, ತಟ್ಟಿ, ಅಡಿ ಸವರಿ ನೋಡಿ, ಎಲ್ಲಕ್ಕಿಂತ ಮೈ ತುಂಬಿಕೊಂಡಿದ್ದನ್ನು ತಂದಿದ್ದ.

"ಇದಕ್ಕಿಂತ ದಪ್ಪದ್ದು ಸಂತೇಲೇ ಇರ್ಲಿಲ್ಲ," ಎಂದ.

"ಇದು ಗೂಡೊಳಗೆ ಕೂರಲ್ಲ ರೀ."

"ಗೂಡು ಚಿಕ್ಕದಾದ್ರೆ ಬ್ಯಾಟರಿ ಏನ್ ಮಾಡುತ್ತೆ?"

"ದಾರ ಎಲ್ಲಿ?"

"ಹಿಟ್ಟಿನ ಚೀಲದ ಬಾಯಿ ಕಟ್ಟಿದೀನಿ. ಒಳ್ಳೇ ಗಟ್ಟಿ ದಾರ ಕಣೆ ಅದು."

ಬುರುಲ್ ಬಗ್ಗಿ ಅದರ ಬೆನ್ನಿನ ಮೇಲಿನ ಬರಹ ಓದಿದಳು. ಹನ್ನೆರಡು ವೋಲ್ಟು. ಅದೊಂದಾದರೂ ಸರಿಯಿತ್ತು.

ಕೊಂಡ ಮೇಲೆ ತನ್ನ ಕೆಲಸ ಮುಗಿಯಿತೆಂದುಕೊಂಡ ಮೈರಂಬೆಕ್, ಅಂಗಡಿಯವನು ಹೇಳಿದ್ದನ್ನು ಹೆಂಡತಿಗೆ ಒಪ್ಪಿಸಿದ. ಚಳಿಗಾಲವಿಡೀ ಇದು ಒಳಗಿರಬೇಕು. ನೆಲದ ಥಂಡಿ ತಾಗಬಾರದು, ಬೆಂಕಿಯ ಹತ್ತಿರ ಇಡಬಾರದು, ಪೂರ್ತಿ ಖಾಲಿಯಾಗಲು ಬಿಡಬಾರದು. ಆ ಮನೆಯಲ್ಲಿ ಬಾಗಿಲ ಕಡೆ ಥಂಡಿ, ನಡುವೆ ಒಲೆ. ಉಳಿದದ್ದು ಬಾಗಿಲಿಗೆ ಎದುರಿನ ಗೋಡೆಯ ಕೆಳಗೆ ಕಂಬಳಿ ಹಾಸಿದ ಜಾಗ, ತೋರ್. ದೂರದಿಂದ ಬಂದ ಅತಿಥಿ, ಊರ ಹಿರಿಯ, ಇಂಥವರು ಕೂರುವ ಜಾಗ. ಹತ್ತು ವರ್ಷದಿಂದ ಬಾಗಿಲ ಬಳಿ ಕೂತು ಚಹಾ ಬಗ್ಗಿಸುತ್ತಿದ್ದ ಬುರುಲ್ ಅಲ್ಲಿ ಒಮ್ಮೆಯೂ ಕೂತವಳಲ್ಲ. ಮೈರಂಬೆಕ್ ಅವಳ ಮದುವೆಯ ರಜಾಯಿಯನ್ನು ಮಡಿಸಿ, ಬ್ಯಾಟರಿಯನ್ನು ಅದರ ಮೇಲೆ ಕೂರಿಸಿದ.

ಅತ್ತೆ ಕಾಲಿಪಾ ತನ್ನ ಹಾಸಿಗೆಯಿಂದಲೇ ನೋಡಿದಳು. ಅವಳಿಗೆ ಅರುಳುಮರುಳೇನೂ ಇರಲಿಲ್ಲ, ನಿಯಮಗಳಿದ್ದವು. "ತೋರ್ ಮೇಲೆ ಕೂತೋರು ಅತಿಥಿ," ಎಂದಳು. "ಸೊಸೆ, ಅದರ ಕಡೆ ಕಾಲು ಚಾಚಬೇಡ."

ಮಾರನೆಯ ವಾರ ಊರ ಹಿರಿಯ ಅಬ್ದಿಲ್ದಾ ಊಟಕ್ಕೆ ಬಂದ. ಇಪ್ಪತ್ತು ವರ್ಷದಿಂದ ತಾನು ಕೂರುತ್ತಿದ್ದ ಜಾಗ ನೋಡಿ ನಿಂತ.

"ಇವರು ಯಾರು?"

"ಮೈರಂಬೆಕ್‌ನ ಬ್ಯಾಟರಿ," ಎಂದಳು ಕಾಲಿಪಾ.

"ವಯಸ್ಸೆಷ್ಟು?"

"ಹೋದ ತಿಂಗಳು ತಯಾರಾಗಿದ್ದು ಅಂತ ಬರ್ದಿದೆ ತಾತಾ," ಎಂದಳು ಬುರುಲ್.

ಅಬ್ದಿಲ್ದಾ ಗಡ್ಡ ನೀವಿಕೊಂಡ. "ನನಗಿಂತ ಚಿಕ್ಕವನು. ಆದ್ರೆ ದೂರದಿಂದ ಬಂದವನು." ಒಂದು ಜಾಗ ಕೆಳಗೆ ಸರಿದು ಕೂತ. ಮಾಂಸ ಹಂಚುವಾಗ, ದೊಡ್ಡ ಅತಿಥಿಗೆ ಸಲ್ಲುವ ಕುರಿಯ ತಲೆ ಅವನಿಗೇ ಬಂತು. ಆದರೂ ಮರ್ಯಾದೆಗೆ ಕುಂದಾಗಬಾರದೆಂದು, ಬಾಲದ ಕೊಬ್ಬಿನ ಒಂದು ತುಂಡು ಕೊಯ್ದು ಬ್ಯಾಟರಿಯ ಮುಂದಿಟ್ಟ. ಅತಿಥಿ ಮುಟ್ಟಲಿಲ್ಲ. ಪಾತ್ರೆ ತೊಳೆಯುವಾಗ ಬುರುಲ್ ಅದನ್ನು ತಿಂದಳು. ಹತ್ತು ವರ್ಷದಲ್ಲಿ ಅಷ್ಟು ಒಳ್ಳೆಯ ತುಂಡು ಅವಳ ಪಾಲಿಗೆ ಬಂದಿರಲಿಲ್ಲ.

ಹೀಗೆ ಚಳಿಗಾಲ ಹಿಡಿಯಿತು. ಬುರುಲ್ ಎದ್ದು ಒಲೆಗೆ ಬೆರಣಿ ಒಟ್ಟುವಳು, ಹೊಳೆಯ ಮಂಜುಗಡ್ಡೆ ಒಡೆದು ನೀರು ತರುವಳು, ಮೂರು ಹಸು ಕರೆಯುವಳು, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುವಳು, ಆಮೇಲೆ ಬ್ಯಾಟರಿ. ತಿಂಗಳಿಗೊಮ್ಮೆ ಪಕ್ಕದ ಮನೆಯಿಂದ ಚಾರ್ಜರ್ ಇಸಕೊಂಡು ಬರಬೇಕು. ಚಾರ್ಜ್ ಆಗುವಾಗ ಬ್ಯಾಟರಿ ಬಿಡುವ ಗಾಳಿಗೆ ಕಿಡಿ ತಾಗಬಾರದೆಂದು ಅದನ್ನು ಬೆಂಕಿಯಿಲ್ಲದ ಉಗ್ರಾಣಕ್ಕೆ ಹೊತ್ತೊಯ್ಯಬೇಕು, ಮತ್ತೆ ಹೊತ್ತು ತರಬೇಕು. ತುದಿಗಳಿಗೆ ಬಿಳಿ ಹುಡಿ ಕೂತರೆ ಸೋಡಾ ನೀರಲ್ಲಿ ಒರೆಸಿ, ಒಣಗಿಸಿ, ಗ್ರೀಸ್ ಸವರಬೇಕು. ಒಳಗೆ ನೀರು ಇಳಿದಿದ್ದರೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು, ಹೊಳೆಯದು ಆಗದು. ಅದು ಸಿಗುವ ಔಷಧಿ ಅಂಗಡಿ ಘಾಟಿಯಾಚೆ. ಬುರುಲ್ ಚಹಾ ನೀರು ಕಾಯಿಸುವ ಸಮೋವಾರ್‌ನ ಹಬೆಗೆ ತಣ್ಣನೆಯ ತಟ್ಟೆ ಹಿಡಿದು ಹನಿ ಹನಿಯಾಗಿ ನೀರು ಕೂಡಿಸಿದಳು. ಅರ್ಧ ಬಟ್ಟಲಾಗಲು ಎರಡು ದಿನ ಬೇಕಾಯಿತು.

"ಅಷ್ಟೆಲ್ಲ ಕಷ್ಟ ಯಾಕೆ? ಚಹಾ ಕೊಡು," ಎಂದಳು ಕಾಲಿಪಾ.

"ಸತ್ತೋಗುತ್ತೆ ಅಪಾ." ತಾಯಿಯನ್ನೂ ಅತ್ತೆಯನ್ನೂ ಅಲ್ಲಿ ಅಪಾ ಎಂದೇ ಕರೆಯುವುದು.

"ಹಾಲಿಲ್ಲದೆ?"

"ಹಾಲಿಲ್ಲದೇನೂ."

ಬಂದವರೆದುರು ಮೈರಂಬೆಕ್ ಬ್ಯಾಟರಿಯ ಬೆನ್ನು ತಟ್ಟಿ, "ಮಗೂನ ನೋಡ್ಕೊಂಡ ಹಾಗೆ ನೋಡ್ಕೊಂಡಿದೀನಿ," ಎನ್ನುತ್ತಿದ್ದ. ಮಗುವೊಂದು ಇದ್ದಿದ್ದರೆ ಅವನು ಹೇಗೆ ನೋಡಿಕೊಳ್ಳುತ್ತಿದ್ದನೋ ಹಾಗೆಯೇ ನೋಡಿಕೊಂಡಿದ್ದ. ಅದರಲ್ಲಿ ಸುಳ್ಳಿರಲಿಲ್ಲ.

ಘಾಟಿಯ ಹಿಮ ಕರಗಿತೆಂದು ಸುದ್ದಿ ಬಂತು. ಗೂಡಿಗೆ ಹಿಡಿಸದ ಬ್ಯಾಟರಿಯನ್ನು ಏನು ಮಾಡುವುದೆಂದು ಮೈರಂಬೆಕ್ ಎರಡು ದಿನ ಗೂಡನ್ನೇ ದಿಟ್ಟಿಸಿದ. ಮೂರನೆಯ ದಿನ ಬುರುಲ್ ಪಕ್ಕದ ತೊಟ್ಟಿಯಲ್ಲಿ ಕಂಬಳಿ ಹಾಸಿ, ಬ್ಯಾಟರಿ ಇಟ್ಟು, ಕುದುರೆಯ ಜೀನಿನ ಪಟ್ಟಿಯಿಂದ ಬಿಗಿದಳು. ಕೆಟ್ಟ ಟ್ರ್ಯಾಕ್ಟರಿನಿಂದ ಬಿಚ್ಚಿದ ಎರಡು ಉದ್ದದ ದಪ್ಪ ವೈರುಗಳನ್ನು ಎಳೆದು ಜೋಡಿಸಿದಳು. ಮೈರಂಬೆಕ್ ಬೈಕು ಹತ್ತಿ ಕಿಕ್ಕರ್ ಒದ್ದ. ಮೊದಲ ಒದೆತಕ್ಕೇ ಎಂಜಿನ್ನು ಗುಡುಗಿತು. ಕೋಳಿಗಳು ಚದುರಿದವು. ಕಾಲಿಪಾ ಕೋಲೂರಿ ಹೊರಗೆ ಬಂದಳು.

"ಸರಿ, ಹೊರಡು," ಎಂದ ಮೈರಂಬೆಕ್ ತೊಟ್ಟಿಯ ಕಡೆ ನೋಡಿದ. ತೊಟ್ಟಿ ತುಂಬಿತ್ತು. "ನೀನೆಲ್ಲಿ ಕೂರ್ತೀಯ?"

"ಹಿಂದಿನ ಸೀಟು ಕೊಟ್ಟಿಗೇಲಿದೆ. ಕೊಯ್ದೋರು ನೀವೇ."

ಅವನು ಬ್ಯಾಟರಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. "ಹಾಗಾದ್ರೆ ನಾನೊಬ್ಬನೇ ಹೋಗಿ ನಿಮ್ಮಮ್ಮನ್ನ ಮಾತಾಡಿಸ್ಕೊಂಡು ಬರ್ತೀನಿ. ನೀನು ಬಂದಷ್ಟೇ ಆಯ್ತಲ್ಲ."

ತಮಾಷೆ ಮಾಡುವ ಮುಖವಾಗಿರಲಿಲ್ಲ ಅದು. ತವರಿನ ತೊಲೆಯಲ್ಲಿ ಈ ಚಳಿಗಾಲದ ನಾಲ್ಕನೆಯ ಚುಚುಕ್ ಕೂಡ ಕಲ್ಲಾಗುವುದು ಬುರುಲ್‌ಳ ಕಣ್ಣಿಗೆ ಕಂಡಿತು. ಅವಳು ಎಂಜಿನ್ನು ಆರಿಸಿ, ಕೀಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅತ್ತೆಯ ಕಡೆ ತಿರುಗಿದಳು.

"ಅಪಾ, ತೋರ್ ಮೇಲೆ ಕೂತ ಅತಿಥೀನ ಮುಂದಿನ ಮನೆವರೆಗೂ ಬಿಟ್ಟು ಬರೋರು ಯಾರು?"

"ಉಪಚಾರ ಮಾಡಿದೋರು," ಎಂದಳು ಕಾಲಿಪಾ ತಡೆಯದೆ. ನಿಯಮ ಕೇಳಿದರೆ ಅವಳು ನಿದ್ದೆಯಲ್ಲೂ ಹೇಳುತ್ತಿದ್ದಳು.

"ಉಪಚಾರ ಮಾಡಿದ್ದು ನಾನೇ ಅಲ್ವಾ?" ಎಂದ ಮೈರಂಬೆಕ್.

ಕಾಲಿಪಾ ಮಗನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. "ನೀರು ಹಾಕೋಕೆ ಅದಕ್ಕೆ ಎಷ್ಟು ಮುಚ್ಚಳ ಇದೆ, ಹೇಳು."

"ನಾಲ್ಕು."

"ಆರು. ಮಲಗಿದ್ದಲ್ಲಿಂದಲೇ ನಾನು ಎಣಿಸಿದೀನಿ. ಅದೂ ಅಲ್ದೆ, ಹೆಂಡತೀನ ಮನೇಲಿ ಬಿಟ್ಟು ಬ್ಯಾಟರೀನ ಕೂರಿಸ್ಕೊಂಡು ಅತ್ತೆ ಮನೆಗೆ ಹೋದ ಅಂತ ಊರೋರು ನನ್ನ ಹೆಣ ಎತ್ತೋವಾಗ್ಲೂ ಆಡ್ಕೊಳ್ತಾರೆ. ಇಳಿ."

"ಚಹಾ ಮಾಡೋರು ಯಾರು?"

"ಸಮೋವಾರ್‌ಗೆ ಮುಚ್ಚಳ ಒಂದೇ. ಎಣಿಸೋಕೆ ಸುಲಭ. ಇಳಿ."

ಅವನು ಇಳಿದ. ಕಾಲಿಪಾ ಪ್ರಯಾಣಕ್ಕೆ ಶುಭವಾಗಲೆಂದು ಬ್ಯಾಟರಿಯ ಮೇಲೆ ಹಾಲು ಚಿಮುಕಿಸಲು ಬಂದಳು. "ತುದಿಗಳಿಗೆ ಬೇಡ ಅಪಾ," ಎಂದು ಬುರುಲ್ ತನ್ನ ಹಣೆ ಒಡ್ಡಿದಳು. ಹಾಲು ಹಣೆಯಿಂದ ಮೂಗಿಗೆ ಇಳಿಯುತ್ತಿರುವಾಗಲೇ ಬೈಕು ಹತ್ತಿ, ಕಿಕ್ಕರ್ ಒದ್ದು, ಗೇರು ಹಾಕಿದಳು. ಹತ್ತು ವರ್ಷವಾದರೂ ಕಾಲು ಮರೆತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಘಾಟಿಯಾಚೆ ಅವಳ ತಾಯಿ ಅಂಗಳದಲ್ಲಿ ಕೊಡಲಿ ಹಿಡಿದು ನಿಂತಿದ್ದಳು. ಮಗಳನ್ನು ತಬ್ಬಿ ಅತ್ತು, ತೊಟ್ಟಿಯಲ್ಲಿ ಕಂಬಳಿಯ ಮೇಲೆ ಕೂತ ಬ್ಯಾಟರಿಯನ್ನು ನೋಡಿದಳು. ಅದರ ಕಥೆ ಫೋನಿನಲ್ಲಿ ಇಡೀ ಚಳಿಗಾಲ ಕೇಳಿದ್ದಳು.

"ಅಯ್ಯೋ, ಥಂಡಿಯಲ್ಲಿದೆ. ಎತ್ಕೊಂಡು ಬಾ, ತೋರ್ ಮೇಲೆ ಜಾಗ ಮಾಡಿದೀನಿ."

ಬುರುಲ್ ವೈರು ಬಿಚ್ಚಿ ಬ್ಯಾಟರಿಯನ್ನು ಒಳಗೆ ತಂದಳು. ಹೊಸ್ತಿಲ ಪಕ್ಕ ಒಂದು ಹಲಗೆ ಹಾಕಿ ಅದರ ಮೇಲಿಟ್ಟಳು.

"ಅದು ಇಲ್ಲೇ ಇರ್ಲಿ ಅಪಾ," ಎಂದಳು, ಬೂಟು ಕಳಚುತ್ತ. "ಅಲ್ಲಿ ನಾನು ಕೂರ್ತೀನಿ."