ಕೋಮಲಳ ಎದುರು ಕೂತವಳು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಕೋಮಲಳ ಮನೆ ಎಲ್ಲಿ ಎಂದು ಕೇಳಿ ನೋಡಿ. ಜನ ಒಂದು ಗಳಿಗೆ ನಿಮ್ಮ ಮುಖವನ್ನೇ ದಿಟ್ಟಿಸುತ್ತಾರೆ. ಆಮೇಲೆ ದನಿ ತಗ್ಗಿಸಿ, "ಯಾರು ಓಗ್ಬುಟ್ರು?" ಅನ್ನುತ್ತಾರೆ. ಯಾರೂ ಹೋಗಿಲ್ಲ ಸ್ವಾಮಿ, ಸುಮ್ಮನೆ ಅವಳನ್ನು ನೋಡಲು ಬಂದೆ ಎಂದರೆ ಯಾರೂ ನಂಬುವುದಿಲ್ಲ. ಸುಮ್ಮನೆ ಅವಳನ್ನು ನೋಡಲು ಬಂದವರಿದ್ದರೆ ತಾನೆ ನಂಬುವುದಕ್ಕೆ!

ಅವಳಿಗೆ ಮೂವತ್ತಾರು. ಮೈಸೂರಿನಲ್ಲಿ ಐದು ವರ್ಷ ಚಿತ್ರಕಲೆ ಓದಿದವಳು. ಅಪ್ಪ ಸುಬ್ಬಯ್ಯ ಮಗ್ಗದ ಮುಂದೆ ಕೂತೇ ಬೆನ್ನು ಬಾಗಿಸಿಕೊಂಡ ಮನುಷ್ಯ, ಆದರೂ ಮಗಳ ಓದಿಗೆ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಊರು. "ಏನ್ ಓದಿದ್ಯವ್ವ?" "ಡ್ರಾಯಿಂಗು." "ಅದ್ ಸರಿ, ಕೆಲ್ಸ ಏನು?" ಹದಿಮೂರು ವರ್ಷದಿಂದ ಇದೇ ಪ್ರಶ್ನೆ, ಅದೇ ಧಾಟಿ. ಹೆಣ್ಣು ನೋಡಲು ಬಂದ ಎರಡು ಮನೆಯವರು ಉಪ್ಪಿಟ್ಟು ತಿಂದು, ಗೋಡೆಯತ್ತ ಕಣ್ಣು ಹಾಯಿಸಿ, ಕಾಫಿಗೂ ಕಾಯದೆ ಎದ್ದು ಹೋದರು.

ಗೋಡೆಯ ತುಂಬ ಸತ್ತವರು, ಅವಳೇ ಬರೆದ ಪಟಗಳು, ಒಯ್ಯುವವರಿಗಾಗಿ ಕಾದಿರುವಂಥವು. ತಿಥಿಗೆ ಪಟ ಬೇಕು. ಹಿರಿಯರ ಹಬ್ಬದಲ್ಲಿ ಎಡೆ ಇಡುವುದಕ್ಕೂ ಪಟ ಬೇಕು. ಹನೂರು, ಕೌದಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜಿಯ ಫೋಟೋ ಎಂದರೆ ವೋಟಿನ ಕಾರ್ಡಿನಲ್ಲಿರುವ ಉಗುರಗಲದ ಮುಖ, ಅಷ್ಟೇ. ಅದನ್ನೇ ತಂದುಕೊಟ್ಟು, "ಕಣ್ ಬುಟ್ಟಿರ್ಬೇಕು, ಬಾಯ್ ಮುಚ್ಚಿರ್ಬೇಕು, ಕಿವಿಗೆ ಓಲೆ ಆಕಿ" ಎನ್ನುತ್ತಾರೆ. ಜೀವಮಾನದಲ್ಲಿ ರೇಷ್ಮೆ ಮುಟ್ಟದ ಮುದುಕಿಯರಿಗೆಲ್ಲ ಕೋಮಲ ಬಣ್ಣದಲ್ಲಿ ಜರಿ ಅಂಚಿನ ಸೀರೆ ಉಡಿಸಿದ್ದಾಳೆ. ನಾಲ್ಕು ದಿನ ಕತ್ತು ನೋಯಿಸಿಕೊಂಡು ಬರೆದ ಪಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋಗುವವರು ಹೊಸಿಲಲ್ಲಿ ನಿಂತು, "ಈಗ ಇದು ಫೋನಲ್ಲೇ ಬತ್ತದಂತಲ್ಲ, ಒಂದ್ ಗುಂಡಿ ಒತ್ತುದ್ರೆ?" ಎಂದು ಕೇಳದೆ ಬಿಡುವುದಿಲ್ಲ. ಬರುತ್ತೆ ಕಣಪ್ಪ, ಹಾಗಿದ್ದ ಮೇಲೆ ಇಲ್ಲಿಗೆ ಯಾಕೆ ಬಂದೆ? ಇದನ್ನು ಅವಳು ಮನಸ್ಸಿನಲ್ಲೇ ಅಂದುಕೊಳ್ಳುತ್ತಾಳೆ.

ಇಷ್ಟಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆರು ವರ್ಷದ ಹಿಂದೆ ರಾಮಾಪುರದ ಪುಟ್ಟಮಾದಪ್ಪ ಎಂಬುವವನು ತೊಂಬತ್ತು ವರ್ಷದ ತಂದೆಯನ್ನು ಕಾರಿನಲ್ಲಿ ಕರೆತಂದು, ಬದುಕಿರುವಾಗಲೇ ಪಟ ಬರೆಸಿಕೊಂಡು ಹೋದ. ತಿಂಗಳು ತುಂಬುವುದರೊಳಗೆ ಮುದುಕ ಕಣ್ಣು ಮುಚ್ಚಿದ. ತೊಂಬತ್ತರ ಮುದುಕ ಸಾಯದೆ ಇನ್ನೇನು ಮಾಡಬೇಕಿತ್ತು? ಜನರಿಗೆ ಅಷ್ಟೇ ಸಾಕಾಯಿತು. ಕೋಮಲ ಬರೆದರೆ ಆಯಸ್ಸು ಮುಗಿಯಿತು ಎಂಬ ಮಾತು ಬಸ್ಸು ಹತ್ತಿ ಊರೂರಿಗೆ ಹೋಯಿತು. ಆಮೇಲೆ ಜೀವ ಇರುವ ಒಬ್ಬರೂ ಅವಳೆದುರು ಕೂರಲಿಲ್ಲ. ಹೆತ್ತ ತಾಯಿಯೇ, ಮಗಳು ಪೆನ್ಸಿಲ್ ಹಿಡಿದು ತನ್ನತ್ತ ತಿರುಗಿದರೆ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಾಳೆ.

ಈ ವರ್ಷ ಮೈಸೂರಿನ ಒಂದು ಕಲಾ ಸಂಘದಿಂದ ಕರೆ ಬಂತು. ಮನುಷ್ಯರ ಮುಖಚಿತ್ರಗಳ ಪ್ರದರ್ಶನ. ಒಂದೇ ಚಿತ್ರ ಸಾಕು, ಆದರೆ ಎದುರಿಗೆ ಕೂರಿಸಿಕೊಂಡು ಬರೆದದ್ದಾಗಿರಬೇಕು, ಹಿಂಬದಿಯಲ್ಲಿ ಕೂತವರ ಸಹಿ ಇರಬೇಕು. ಓದಿ ಬಂದಾಗಿನಿಂದ ಅವಳ ಕೈಯ ಒಂದು ಚಿತ್ರವೂ ಹೂವಿನ ಹಾರ ಇಲ್ಲದ ಗೋಡೆ ಕಂಡಿರಲಿಲ್ಲ. ಹೋಗಲೇಬೇಕು ಅನಿಸಿತು. ಇದೊಂದು ಆಗದಿದ್ದರೆ ನಾನು ಕಲಿತದ್ದೆಲ್ಲ ಊರವರು ಹೇಳುವಂತೆ ಟೈಂಪಾಸೇ ಸರಿ ಎಂದುಕೊಂಡಳು.

ತಮ್ಮ ಚರಣ್ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ. "ಅಕ್ಕ, ಫೋಟೋ ನೋಡ್ಕಂಡ್ ಬರಿ, ನಾನ್ ಸೈನ್ ಆಕ್ತೀನಿ. ಯಾರಿಗ್ ಗೊತ್ತಾಯ್ತದೆ?" ಅಂದ.

"ನಂಗ್ ಗೊತ್ತಾಗುತ್ತಲ್ಲೋ. ಸೈನ್ ಹಾಕೋನು ಒಂದ್ ಗಂಟೆ ಕೂತ್ಕೋಬಾರ್ದಾ?"

ಚರಣ್ ನೆಲ ನೋಡಿದ. "ಎರಡ್ ಮಕ್ಳವೆ ಕಣಕ್ಕ ನಂಗೆ," ಅಂದ ಮೆಲ್ಲಗೆ.

ಕೊನೆಯ ದಿನಾಂಕಕ್ಕೆ ಎಂಟು ದಿನ ಉಳಿದಿದ್ದಾಗ ಯಳಂದೂರಿನ ಭಾಗ್ಯಮ್ಮ ಬಂದಳು. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳು, ಅರವತ್ತು ದಾಟಿದವಳು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ.

"ಯಾರ ಪಟ ಬರೀಬೇಕವ್ವಾ?" ಕೋಮಲ ಕೇಳಿದಳು.

"ನಂದೇ ಕಣ್ ಮಗ. ನಾನ್ ಸತ್ಮೇಲೆ ನಿನ್ತಾವ್ಕೆ ಬಂದು ನನ್ ಮೂಗು ಹಿಂಗಿತ್ತು, ಕಿವಿ ಅಂಗಿತ್ತು ಅಂತ ಯೋಳೋರು ಯಾರವ್ರೆ? ಅದ್ಕೇ ನಾನೇ ಬಂದೆ."

ಬದುಕಿರುವವರನ್ನು ಬರೆದರೆ ಏನಾಗುತ್ತದೆಂದು ಜನ ಆಡಿಕೊಳ್ಳುವುದನ್ನು ಕೋಮಲ ಮುಚ್ಚಿಡದೆ ಹೇಳಿದಳು. "ಆದ್ರೆ ಆಗ್ಲಿ ಬುಡು, ನಾನೇನ್ ಗೂಟ ಒಡ್ಕಂಡ್ ಕೂತಿರ್ತೀನಾ," ಎಂದು ಭಾಗ್ಯಮ್ಮ ಚಾಪೆಯ ಮೇಲೆ ಕಾಲು ಚಾಚಿದಳು. ಪಟ ಮೊದಲು ಮೈಸೂರಿನ ಪ್ರದರ್ಶನಕ್ಕೆ ಹೋಗಿ ಬರುತ್ತದೆ, ಆಮೇಲೆ ನಿಮಗೆ ಎಂದದ್ದಕ್ಕೂ ಒಪ್ಪಿದಳು.

ಮೂರು ದಿನ ಬೆಳಗಿನ ವ್ಯಾಪಾರ ಮುಗಿಸಿ ಬಸ್ಸು ಹತ್ತಿ ಬಂದಳು. ಕೋಮಲ ಗೆರೆ ಎಳೆಯುತ್ತಿದ್ದರೆ ಅತ್ತಲಿಂದ, "ಕಣ್ಣ್ ಕೆಳ್ಗೆ ಕಪ್ಪಾಗ್ಬುಟ್ಟದಲ್ಲವ್ವ ನಿಂಗೆ. ಉಂಡ್ಯಾ?" ಎಂಬ ಮಾತು ಬಂತು. ಪೆನ್ಸಿಲ್ ನಿಂತುಬಿಟ್ಟಿತು. ಈ ಆರು ವರ್ಷದಲ್ಲಿ ಅವಳು ಬರೆದ ಯಾವ ಮುಖವೂ ಅವಳನ್ನು ತಿರುಗಿ ನೋಡಿರಲಿಲ್ಲ. ಕೋಮಲ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಎರಡನೆಯ ದಿನ ಭಾಗ್ಯಮ್ಮ ಬಿಳಿಗಿರಿರಂಗನ ಬೆಟ್ಟದ ಕತೆ ತೆಗೆದಳು. ಮದುವೆಯಾದ ಹೊಸದರಲ್ಲಿ ಕೋತಿಯೊಂದು ಅವಳ ಜಡೆಯ ಹೂ ಕಿತ್ತುಕೊಂಡು ಓಡಿತಂತೆ. ಅದನ್ನು ಅಟ್ಟಿಸಿಕೊಂಡು ಹೋದ ಗಂಡನ ಪಂಚೆ ಬೇಲಿಗೆ ಸಿಕ್ಕಿ ಅಲ್ಲೇ ಉಳಿಯಿತಂತೆ. "ಬರೀ ಚಡ್ಡೀಲಿ ಬಂದು, ಹೂವ ಸಿಗ್ನಿಲ್ಲ ಕಣಮ್ಮಿ ಅಂದ!" ಎಂದು ಬಾಯಿ ತುಂಬ ನಕ್ಕಳು. ಮುಂದಿನ ಎರಡು ಹಲ್ಲು ಇಲ್ಲ, ಎಲೆಯಡಿಕೆಯ ಕೆಂಪು, ಕಣ್ಣು ಸುಕ್ಕಿನಲ್ಲಿ ಮುಳುಗಿ ಹೋಗಿತ್ತು. ಕೋಮಲ ಉಸಿರು ಬಿಗಿಹಿಡಿದು ಅದನ್ನೇ ಬರೆದಳು. ಅವಳ ಕೈಯಲ್ಲಿ ಅಂಥದ್ದು ಹಿಂದೆಂದೂ ಬಂದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಮೂರನೆಯ ದಿನ ಪಟ ತೋರಿಸಿ, ಹಿಂಬದಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಶಾಯಿ ತಂದಿಟ್ಟಳು. ಭಾಗ್ಯಮ್ಮನ ಮುಖ ಬಾಡಿತು.

"ಇದೇನವ್ವ, ಇಂಗ್ ಬಾಯ್ ಬುಟ್ಕಂಡು! ಇದ್ಕೆ ಎಬ್ಬೆಟ್ಟು ಒತ್ತಾಕಿಲ್ಲ ನಾನು."

"ಇದು ಮೈಸೂರಿಗೆ ಇರ್ಲಿ ಅವ್ವಾ. ಬಾಯಿ ಮುಚ್ಚಿರೋದು ಬೇರೆ ಬರ್ಕೊಡ್ತೀನಿ, ದಮ್ಮಯ್ಯ ಅಂತೀನಿ."

"ಅಷ್ಟ್ರಲ್ಲಿ ನಾನ್ ಓಗ್ಬುಟ್ರೆ? ಇದೇ ಉಳೀತದೆ." ಮುದುಕಿ ಶಾಯಿಯ ಡಬ್ಬಿಯನ್ನು ಅತ್ತ ಸರಿಸಿದಳು. "ನಂಗೋಸ್ಕರ ಅಳೋರು ಯಾರೂ ಇಲ್ಲ ಕಣ್ ಮಗ. ಪಟನಾದ್ರೂ ನಗ್ದೆ ಇರ್ಲಿ."

ಕೋಮಲ ರಬ್ಬರು ಕೈಗೆ ತೆಗೆದುಕೊಂಡಳು. ಆ ನಗುವನ್ನು ಒರೆಸಿದಳು. ತುಟಿ ಕೂಡಿಸಿದಳು, ಸುಕ್ಕು ಇಳಿಸಿದಳು, ಕಣ್ಣು ತೆರೆದಳು. ಓಲೆ ಹಾಕಿ, ಜರಿ ಸೀರೆ ಉಡಿಸಿದಳು. ಭಾಗ್ಯಮ್ಮ ನೋಡಿ, "ಈಗ ಸರಿ ಓಯ್ತು," ಎಂದು ಹೆಬ್ಬೆಟ್ಟು ಒತ್ತಿದಳು. ಗೋಡೆಯ ಮೇಲಿನ ಪಟಗಳ ಪಕ್ಕದಲ್ಲಿ ಹಿಡಿದರೆ ಅದೂ ಅವುಗಳಲ್ಲಿ ಒಂದು. ನೆನಪಿನಿಂದ ಮತ್ತೆ ಆ ನಗುವನ್ನು ಬರೆಯಬಹುದಿತ್ತಲ್ಲ ಎನ್ನಬೇಡಿ. ಎದುರಿಗಿಲ್ಲದವರನ್ನು ಬರೆಯುವುದು ಅವಳ ದಿನದಿನದ ಕೆಲಸ, ಅದು ಸಾಕಾಗಿತ್ತು. ಅವಳು ಮೈಸೂರಿಗೆ ಏನನ್ನೂ ಕಳಿಸಲಿಲ್ಲ.

ಇನ್ನು ಮೈಸೂರಿಗೆ ಕಳಿಸುವುದಿಲ್ಲ, ಇವತ್ತೇ ತೆಗೆದುಕೊಂಡು ಹೋಗಿ ಎಂದು ಪಟವನ್ನು ಪೇಪರಿನಲ್ಲಿ ಸುತ್ತಿ, ಬಸ್ ಸ್ಟ್ಯಾಂಡಿನವರೆಗೆ ತಾನೇ ಹಿಡಿದುಕೊಂಡು ಬಂದಳು. ಯಳಂದೂರಿನ ಬಸ್ಸು ಬಂತು. ಭಾಗ್ಯಮ್ಮ ಕೈ ಚಾಚಲಿಲ್ಲ.

"ನಿನ್ ಅತ್ರನೇ ಇಟ್ಕಳವ್ವ. ನಮ್ಮನೇಲಿ ಯಾರವ್ರೆ ಎಡೆ ಇಕ್ಕಾಕೆ? ಹಿರೀಕರ ಹಬ್ಬ್ದಲ್ಲಿ ನೀನೇ ಒಂದ್ ಮುದ್ದೆ, ಒಂದ್ಚೂರು ಅವರೆಕಾಳ್ ಸಾರು ಇಕ್ಕು. ಇಕ್ತೀಯಾ?"

"ಇಕ್ತೀನಿ ಅವ್ವಾ," ಅಂದಳು ಕೋಮಲ.

ಭಾಗ್ಯಮ್ಮ ಕಿಟಕಿಯ ಪಕ್ಕ ಕೂತು, ಖಾಲಿ ಹೂಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಬಸ್ಸು ಹೊರಡುವಾಗ ಏನೋ ಹೊಳೆದಂತೆ ತಲೆ ಹೊರಗೆ ಹಾಕಿದಳು. "ಅಲ್ಲ ಕಣವ್ವ, ನನ್ ಪಟ ನೀನ್ ಬರ್ದೆ. ನಿನ್ ಪಟ ಯಾರವ್ವ ಬರ್ಯೋರು?"

ಕೋಮಲ ಪಟ ಹಿಡಿದುಕೊಂಡೇ ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಹಾಕಿದಳು. ಬಸ್ಸು ತಿರುವು ದಾಟುವವರೆಗೂ ಆ ಮುದುಕಿ ಉತ್ತರಕ್ಕಾಗಿ ಅವಳನ್ನೇ ನೋಡುತ್ತಿದ್ದಳು.