ಚಪ್ಪಾಳೆ ನಿಲ್ಲದ ಸೋಲು

ಭೂಕಂಪ ಆದಮೇಲೆ ತಾತ್ಕಾಲಿಕ ಮನೆಗಳಿಗೆ ಕೊಟ್ಟಿದ್ದ ಜಪಾನಿನ ಸೆಂಡಾಯ್ ಊರಿನ ನಮ್ಮ ಶಾಲೆ ಮೈದಾನ ವಾಪಸ್ ಸಿಕ್ಕಿದ ವರ್ಷ, ನಮ್ಮ ಹುಡುಗರ ತಂಡಕ್ಕೆ ಫುಟ್‌ಬಾಲ್ ಕೋಚ್ ಆಗಿ ಒಬ್ಬ ಅಮೆರಿಕದವನು ಬಂದ. ಮೊದಲು ಇಂಗ್ಲೆಂಡಿನಲ್ಲಿ ಮುಳುಗೋ ಕ್ಲಬ್ಬೊಂದಕ್ಕೆ ಆಡ್ತಿದ್ದನಂತೆ. ಅಲ್ಲಿ ಪ್ರತಿ ಶನಿವಾರ ಸೋಲು, ಜೊತೆಗೆ ನೋಡೋಕೆ ಬಂದವರ ಬೈಗುಳ, ಬಾಟಲಿ ಎಸೆತ. ಕೊನೆಯ ಪಂದ್ಯ ಮುಗಿಸಿ ಹಿಂಬಾಗಿಲಿಂದ ಹೊರಟಿದ್ದನಂತೆ.

ಇಲ್ಲಿ ಅವನ ಮೊದಲ ಪಂದ್ಯಾನೇ ನಾವು ಹೀನಾಯವಾಗಿ ಸೋತೆವು. ಅವನು ಮೆಲ್ಲಗೆ ನನ್ನ ಕಿವೀಲಿ, "ಇಲ್ಲಿ ಏನು ಎಸೀತಾರೆ?" ಅಂದ.

"ಏನೂ ಇಲ್ಲ. ಆಟ ನೋಡೋಕೆ ಬಂದ ಅಪ್ಪ ಅಮ್ಮಂದಿರ ಮುಂದೆ ಹೋಗಿ ಬಗ್ಗಿ ನಮಸ್ಕಾರ ಮಾಡಬೇಕು. ಚಪ್ಪಾಳೆ ನಿಲ್ಲೋವರೆಗೂ ತಲೆ ಎತ್ತಬಾರದು," ಅಂತ ರೀಲು ಬಿಟ್ಟೆ. ಬಗ್ಗೋದು ನಿಜ, ಉಳಿದಿದ್ದು ನನ್ನ ಸೃಷ್ಟಿ.

ಅವನು ಬಗ್ಗಿದ. ಬಗ್ಗಿದವನ ಎದುರು ಚಪ್ಪಾಳೆ ನಿಲ್ಲಿಸೋಕೆ ಜಪಾನಿಗಳಿಗೆ ಸಂಕೋಚ. ಅವರು ನಿಲ್ಲಿಸಲಿಲ್ಲ, ಇವನು ಏಳಲಿಲ್ಲ. ಕೊನೆಗೆ ನಮ್ಮಮ್ಮ ಕನ್ನಡದಲ್ಲೇ, "ಸಾಕು ನಿಲ್ಲಿಸ್ರೀ, ಪಾಪ ಸೊಂಟ ಹೋಗುತ್ತೆ!" ಅಂತ ಕಿರುಚಿದರು. ಅರ್ಥವಾಗದಿದ್ದರೂ ಎಲ್ಲರ ಚಪ್ಪಾಳೆ ನಿಂತಿತು.

ತಲೆ ಎತ್ತಿದಾಗ ಅವನ ಕಣ್ಣು ಒದ್ದೆ. ನನ್ನ ಕಥೆ ಮುಗೀತು ಅಂದುಕೊಂಡೆ. ಅವನು ಮೂಗು ಒರೆಸಿಕೊಂಡು, "ಮುಂದಿನ ಭಾನುವಾರಾನೂ ಸೋಲ್ತೀವಿ ತಾನೆ?" ಅಂದ.

ಆ ಒಂದು ವಿಷಯದಲ್ಲಿ ನಾವು ಅವನಿಗೆ ಯಾವತ್ತೂ ನಿರಾಸೆ ಮಾಡಲಿಲ್ಲ.