ವೇಣಿ ಮೇಡಂ ನಂಬದ ಸ್ಕ್ರೂ

ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನ ಒಡತಿ ವೇಣಿ ಮೇಡಂ ಯಾರನ್ನೂ ನಂಬುವವರಲ್ಲ. ಟೀ ಬಂದರೆ ಮೊದಲು ಮೂಸುತ್ತಿದ್ದರು. ಚಿಪ್ ಬಂದರೆ ಅಸಿಟೋನಿನಲ್ಲಿ ಹತ್ತಿ ಅದ್ದಿ ಅದರ ಬೆನ್ನು ಉಜ್ಜುತ್ತಿದ್ದರು. ಅಕ್ಷರ ಹತ್ತಿಗೆ ಬಂತೋ, ಹಳೇ ಮಾಲಿಗೆ ಹೊಸ ಹೆಸರು ಬರೆದಿದ್ದಾರೆ ಎಂದರ್ಥ. ಅಂಥವರ ಹತ್ತಿರ ನಾನು ಫಿಟ್ಟರ್.

ಬಟ್ಟೆಗೆ ಬಣ್ಣ ಹಾಕುವ ಫ್ಯಾಕ್ಟರಿಯೊಂದಕ್ಕೆ ಬಿಸಿ ಅಳೆಯುವ ನಮ್ಮ ಮೀಟರುಗಳು ಹೋಗಿದ್ದವು. ಪ್ರತಿ ತೊಟ್ಟಿಯ ಬಿಸಿ ಎಷ್ಟೆಂದು ಎಲ್ಲ ಮೀಟರೂ ಒಂದೇ ಜೋಡಿ ತಂತಿಯಲ್ಲಿ ಆಫೀಸಿನ ಕಂಪ್ಯೂಟರಿಗೆ ಹೇಳಬೇಕು. ದೊಡ್ಡ ಮೋಟಾರು ಎದ್ದ ಕೂಡಲೇ ಮೀಟರಿನೊಳಗಿನ ಬೋರ್ಡುಗಳು ಸುಟ್ಟುಹೋದವು. ಮೇಡಂ ಐಸೊಲೇಟರ್ ಹಾಕಿಸಿದರು. ಮಧ್ಯೆ ಗೋಡೆಯಂತೆ ಕೂತು, ಕರೆಂಟು ತಡೆದು ಮಾತನ್ನಷ್ಟೇ ದಾಟಿಸುವ ಚಿಪ್ ಅದು. ಆಮೇಲೂ ಸುಟ್ಟವು! ಇನ್ನೊಂದು ಸಲ ಸುಟ್ಟರೆ ಎಲ್ಲ ಕಿತ್ತು ಹೊರಗಿಡುತ್ತೇವೆ ಎಂದರು ಫ್ಯಾಕ್ಟರಿಯ ಮ್ಯಾನೇಜರ್. ನಮಗಿದ್ದ ದೊಡ್ಡ ಗಿರಾಕಿ ಅದೊಂದೇ. ಅದು ಹೋದರೆ ಶೆಡ್ಡಿಗೆ ಬೀಗ.

"ಆ ಚಿಪ್ ಮಾರೋ ನರೇಶ್ ಡೂಪ್ಲಿಕೇಟ್ ಕೊಟ್ಟವ್ನೆ ಮೇಡಂ. ಹೋಗಿ ಕಪಾಳಕ್ಕೆ ಬಿಟ್ಟು ಬರ್ತೀನಿ," ಎಂದೆ.

"ಹತ್ತಿ ಬೆಳ್ಳಗೇ ಇತ್ತಲ್ರೀ. ನೀವು ವೈರಿಂಗ್ ನೆಟ್ಟಗೆ ಮಾಡಿದ್ರಾ?"

"ನನ್ ಕೈ ಮೇಲೇ ಅನುಮಾನಾನಾ?"

"ನನ್ ಕೈ ಮೇಲೂ ಇದೆ. ನಡೀರಿ, ನೋಡೋಣ."

ಫ್ಯಾಕ್ಟರಿಯಲ್ಲಿ ಪ್ಯಾನೆಲ್ ತೆಗೆದೆವು. ಐಸೊಲೇಟರಿನ ಆಚೆ, ಮಾತಿನ ತಂತಿಯ ಬದಿಗೆಂದೇ ನಾವು ಬೇರೆ ಪವರ್ ಸಪ್ಲೈ ಇಟ್ಟಿದ್ದೆವು. ಅದರ ಮೈನಸ್ ಸ್ಕ್ರೂನಿಂದ ಹೊಸ ಹಸಿರು ವೈರೊಂದು ಹೊರಟು, ಆಯುಧಪೂಜೆಯ ಕುಂಕುಮ ಇನ್ನೂ ಅಂಟಿದ್ದ ಅರ್ಥಿಂಗ್ ಬೋಲ್ಟಿಗೆ ಸೇರಿತ್ತು.

"ಇದ್ಯಾರು ಕಟ್ಟಿದ್ದು?" ಎಂದರು ಮೇಡಂ.

"ನಾನೇ ಅಕ್ಕ," ಎಂದ ಅಲ್ಲಿನ ಎಲೆಕ್ಟ್ರಿಷಿಯನ್ ಮುನೀಂದ್ರ. "ಸ್ಕ್ರೂ ಅನಾಥವಾಗಿ ಬಿದ್ದಿತ್ತು. ಅರ್ಥಿಂಗ್ ಇಲ್ದೆ ಬಿಡೋ ಜಾಯಮಾನ ನಂದಲ್ಲ. ಎಲ್ಲಾ ಪ್ಯಾನೆಲ್‌ಗೂ ಟೈಟಾಗಿ ಕಟ್ಟಿದೀನಿ."

ನನಗೆ ಪಿತ್ತ ನೆತ್ತಿಗೇರಿತು. ಒಂದು ಪ್ಯಾನೆಲಿನ ಅರ್ಥಿಂಗಿನ ವೋಲ್ಟೇಜು ಇನ್ನೊಂದರ ಸಮ ಇರುವುದಿಲ್ಲ. ಮೋಟಾರು ಎದ್ದಾಗ ಆ ಏರುಪೇರೆಲ್ಲ ಹಸಿರು ವೈರು ಹಿಡಿದು ಮಾತಿನ ತಂತಿಗೇ ನುಗ್ಗಿದೆ.

"ಲೇ, ನಾವ್ ಗೋಡೆ ಕಟ್ಟಿದ್ರೆ ನೀನು ಬಾಗಿಲು ಕೊರೆದು ತೋರಣ ಬೇರೆ ಕಟ್ಟಿದೀಯಲ್ಲೋ!"

"ಬೈಬೇಡ್ರೀ," ಎಂದರು ಮೇಡಂ. "ಇವರು ಬಿಟ್ರೆ ನಾಳೆ ಇನ್ನೊಬ್ರು ಕಟ್ತಾರೆ. ಸ್ಕ್ರೂ ಕಂಡ್ರೆ ನಿಮ್ ಕೈ ಸುಮ್ನಿರತ್ತಾ?"

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡೆ.

ಮರುದಿನ ನರೇಶ್ ಶೆಡ್ಡಿಗೆ ಬಂದು, "ಇದು ಸಕ್ಕತ್ ಫಾಸ್ಟು ಮೇಡಂ," ಎಂದು ಹೊಸ ಚಿಪ್ ಮುಂದಿಟ್ಟ.

"ನಮ್ ತೊಟ್ಟಿ ಬಿಸಿಯಾಗೋಷ್ಟ್ರಲ್ಲಿ ಒಂದು ನಿದ್ದೆ ಆಗತ್ತೆ ಕಣ್ರೀ. ಫಾಸ್ಟ್ ತಗೊಂಡು ಏನ್ ಮಾಡ್ಲಿ? ಹೊರಗಡೆ ಸಪ್ಲೈ ಕೇಳದೇ ಇರೋದು ಕೊಡಿ."

ಆಚೆ ಬದಿಯ ಪವರನ್ನು ಹೊಟ್ಟೆಯಲ್ಲೇ ಮಾಡಿಕೊಳ್ಳುವ ಐಸೊಲೇಟರ್ ಬಂತು. ಅದಕ್ಕೂ ಹತ್ತಿ ಉಜ್ಜಿದರು. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಿಸಿದರು. ತಂತಿ ಸಿಕ್ಕಿಸಲು ಸ್ಕ್ರೂ ತೆಗೆಸಿ ಪ್ಲಗ್ ಹಾಕಿಸಿದರು; ಹೊರಗೆ ಒಂದೂ ಸ್ಕ್ರೂ ಉಳಿಯಲಿಲ್ಲ.

ಫ್ಯಾಕ್ಟರಿಯಲ್ಲಿ ಮೋಟಾರು ಗುಡುಗುತ್ತ ಎದ್ದಿತು. ಕಂಪ್ಯೂಟರಿನ ಮೇಲೆ ಎಲ್ಲ ತೊಟ್ಟಿಗಳ ಬಿಸಿಯೂ ಅಲುಗದೆ ನಿಂತಿತು. ನಿಲ್ಲಿಸಿ ಮತ್ತೆ ಎಬ್ಬಿಸಿದರು. ಆಗಲೂ ನಿಂತಿತು. ಮ್ಯಾನೇಜರ್, "ಇರ್ಲಿ ಬಿಡಿ, ನಿಮ್ದೇ ಇರ್ಲಿ," ಎಂದು ಹೊರಟರು.

ಮುನೀಂದ್ರ ಮಾತ್ರ ಹಸಿರು ವೈರು ಹಿಡಿದು ಡಬ್ಬಿಯ ಸುತ್ತ ಟಾರ್ಚ್ ಬಿಡುತ್ತಿದ್ದ.

"ಅಕ್ಕ, ಇದಕ್ಕೆ ಅರ್ಥಿಂಗ್ ಎಲ್ಲಿ ಕೊಡ್ಲಿ?"

"ಹುಡುಕಿ," ಎಂದರು ಮೇಡಂ. ಅವನು ಸೋತು ಟಾರ್ಚ್ ಆರಿಸುವವರೆಗೂ ಅಲ್ಲಿಂದ ಕದಲಲಿಲ್ಲ.